ಓಪನ್ ಡಿ ಶ್ರುತಿಗೆ 13-56 ತಂತಿ: ಮುಂಬೈ ಮಳೆಗಾಲ ದಾಟಿದ ಮೇಲೆ ಬರೆದದ್ದು

ಗಿಟಾರನ್ನು ಓಪನ್ ಡಿಗೆ (ಏನೂ ಒತ್ತದೆ ಮೀಟಿದರೂ ಡಿ ಮೇಜರ್ ಕಾರ್ಡ್ ಬರುವ ಶ್ರುತಿ) ಇಳಿಸಿ ಆರ್ಪೆಜಿಯೊ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ಮೀಟುವುದು) ನುಡಿಸುವವರಿಗೆ ಮೊದಲು ಕಾಡುವುದು ತಂತಿಯ ಸಡಿಲ. ಆರನೇ, ಎರಡನೇ, ಒಂದನೇ ತಂತಿ ಎರಡೆರಡು ಫ್ರೆಟ್‌ನಷ್ಟು (ಒಂದು ಫ್ರೆಟ್ ಅಂದರೆ ಅರ್ಧ ಸ್ವರ) ಇಳಿಯುತ್ತವೆ, ಮೂರನೆಯದು ಒಂದೇ. ಎರಡು ಫ್ರೆಟ್ ಇಳಿದರೆ ಬಿಗಿ ಸುಮಾರು ಶೇ 20 ಕಡಿಮೆಯಾಗುತ್ತದೆ. 12-53 ಲೈಟ್ ಸೆಟ್ಟಿನಲ್ಲಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಗೇಜ್, ಅಂದರೆ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಹೆಬ್ಬೆರಳು ಸ್ವಲ್ಪ ಜೋರಾಗಿ ಬಿದ್ದರೂ ಸಾಕು, ಆರನೇ ತಂತಿ ಫ್ರೆಟ್‌ಗೆ ಬಡಿದು ಝರ್ ಅನ್ನುತ್ತದೆ. ಅದಕ್ಕೇ ಧೋಬಿ ತಲಾವ್‌ನಿಂದ 13-56 ಮೀಡಿಯಂ, ಫಾಸ್ಫರ್ ಬ್ರಾಂಜ್ ತಂದು ಹಾಕಿಸಿದೆ. ಈಗ ಬೇರೆ ಗೇಜ್ ಬೇಡವೇ ಬೇಡ.

ಓಪನ್ ಡಿ ಅಂದರೆ ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ, ಅಲ್ವಾ? ಎಡಗೈ ಮುಟ್ಟದಿದ್ದರೂ ಮೀಟಿದ ಸ್ವರಗಳೆಲ್ಲ ಒಂದರ ಮೇಲೊಂದು ತಂಬೂರಿಯಂತೆ ನಿಲ್ಲುತ್ತವೆ, ದಪ್ಪ ತಂತಿಯಲ್ಲಿ ಆ ಕೆಳಗಿನ ಷಡ್ಜ ಮುಂದಿನ ಸುತ್ತು ಬರುವ ತನಕ ಬಿಡದೆ ಮೊಳಗುತ್ತಿರುತ್ತದೆ, ನನಗೆ ಬೇಕಿದ್ದದ್ದು ಅದೇ. ಒಂದು ಮಾತು: ಮೂರನೇ ತಂತಿ, ಅಂದರೆ ಗಾಂಧಾರ, ಟ್ಯೂನರ್ ತೋರಿಸುವುದಕ್ಕಿಂತ ಕೂದಲೆಳೆಯಷ್ಟು ಇಳಿಸಿ. ಟ್ಯೂನರ್‌ನ ಗಾಂಧಾರ ಶುದ್ಧ ಶ್ರುತಿಗಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಿರುತ್ತದೆ. ಬಿಡಿಬಿಡಿಯಾಗಿ ಮೀಟುವಾಗ ಕಿವಿಗೆ ಅದು ಚುಚ್ಚುತ್ತದೆ. 5 ಮತ್ತು 7ನೇ ಫ್ರೆಟ್‌ನಲ್ಲಿ ಒಂದೇ ಬೆರಳು ಅಡ್ಡ ಇಟ್ಟು ನುಡಿಸಿದರೂ ಇಳಿಸಿದ ಗಾಂಧಾರ ಸಿಹಿಯಾಗಿಯೇ ಕೇಳುತ್ತದೆ, ಬೇರೆ ಕಾರ್ಡ್ ಹಿಡಿದರೆ ಮಾತ್ರ ಸ್ವಲ್ಪ ತಗ್ಗು ಅನ್ನಿಸಬಹುದು.

ಮಾಟುಂಗಾದಲ್ಲಿ ಗೆಳೆಯರು ಸೇರಿ ಭಾವಗೀತೆ ಹಾಡುವಾಗ ಇದೇ ಶ್ರುತಿಯಲ್ಲಿ ಜೊತೆ ಕೊಡುತ್ತೇನೆ. ಹಾಡುವವರಿಗೆ ಇ ಶ್ರುತಿ ಬೇಕಾದರೆ ತಂತಿ ಏರಿಸುವುದಿಲ್ಲ, 2ನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿ ಒತ್ತಿಹಿಡಿಯುವ ಕ್ಲಿಪ್). ತಂತಿಗೂ ಗಿಟಾರಿನ ಕುತ್ತಿಗೆಗೂ ಅದೇ ಕ್ಷೇಮ.

ತೊಂದರೆ ಎರಡು. ಜೂನ್ ಬಂತೆಂದರೆ ಇಲ್ಲಿನ ತೇವಕ್ಕೆ ಸುತ್ತುತಂತಿಗಳು ಬೇಗ ಮಂಕಾಗುತ್ತವೆ. ನುಡಿಸಿದ ಮೇಲೆ ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿದರೆ ಸ್ವಲ್ಪ ಜಾಸ್ತಿ ದಿನ ಬಾಳುತ್ತವೆ. ಮಳೆಗಾಲಕ್ಕೆ ಲೇಪನವಿರುವ ತಂತಿ ಬೆಲೆ ಜಾಸ್ತಿಯಾದರೂ ಲಾಭ. ಇನ್ನೊಂದು, ದಪ್ಪ ತಂತಿ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಂಡು ಶ್ರುತಿ ಟಕ್ ಅಂತ ಜಾರುತ್ತದೆ. ರಿಪೇರಿಯವರ ಹತ್ತಿರ ಸೀಳು ಕೊಂಚ ಅಗಲ ಮಾಡಿಸಿ, ಹಾಗೇ ಕುತ್ತಿಗೆಯ ಬಾಗನ್ನೂ ನೋಡಿಸಿಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್. ಇರುವ ಒಂದೇ ಗಿಟಾರಿನಲ್ಲಿ ದಿನಾ ಮಾಮೂಲಿ ಶ್ರುತಿಗೂ ಏರಿಸಿ ನುಡಿಸುವವರು 12-53ರಲ್ಲೇ ಇರಿ, 13-56 ಆ ಬಿಗಿಯಲ್ಲಿ ಬೆರಳನ್ನೂ ಗಿಟಾರನ್ನೂ ದಣಿಸುತ್ತದೆ.