ರೋಮ್‌ಗೆ ಹೋಗುವವರೇ, ಮೆಟ್ರೋ ಸ್ಟೇಷನ್ ಹೊರಗೆ ವ್ಯಾಟಿಕನ್ ಟಿಕೆಟ್ ತಗೋಬೇಡಿ

ಅಪ್ಪ ಅಮ್ಮನನ್ನು ರೋಮ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮೈಕೆಲ್ಯಾಂಜೆಲೊ ಅಂದರೆ ಅವರಿಗೆ ಪ್ರಾಣ. ವ್ಯಾಟಿಕನ್‌ನ ಪ್ರಾರ್ಥನಾ ಮಂದಿರವಾದ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲಿ ದೇವರ ಬೆರಳೂ ಆದಾಮನ ಬೆರಳೂ ಇನ್ನೇನು ಮುಟ್ಟಿಬಿಡುತ್ತವೆ ಅನ್ನುವಷ್ಟು ಹತ್ತಿರ ನಿಂತಿವೆಯಲ್ಲ, ಆ ಎರಡು ಕೈಗಳನ್ನು ಅವರು ಪ್ರತಿ ವರ್ಷ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸುತ್ತಿದ್ದರು. 1508ರಿಂದ 1512ರವರೆಗೆ ಅಟ್ಟಣೆಯ ಮೇಲೆ ನಿಂತು, ಕತ್ತೆತ್ತಿ ಬರೆದ ಕೆಲಸ ಅದು. ರೋಮ್‌ನಲ್ಲಿ ಬೇರೇನೂ ನೋಡದಿದ್ದರೂ ಪರವಾಗಿಲ್ಲ, ಅದೊಂದು ನೋಡಿದರೆ ಸಾಕು ಅಂತ ವಿಮಾನದಲ್ಲೇ ಹೇಳಿದ್ದರು.

ತಪ್ಪು ನನ್ನಿಂದಲೇ ಶುರುವಾಯಿತು. ಕೊಲೋಸಿಯಂ ಟಿಕೆಟನ್ನು ಮುಂಚೆಯೇ ಮಾಡಿಸಿದ್ದೆ. ಸಿಸ್ಟೀನ್ ನೋಡಲು ಬೇಕಾದ ವ್ಯಾಟಿಕನ್ ಮ್ಯೂಸಿಯಂ ಟಿಕೆಟ್ ಹುಡುಕಿದ್ದು ನಾಲ್ಕು ದಿನ ಇರುವಾಗ. ನಮಗೆ ಬೇಕಿದ್ದ ಶನಿವಾರ ಪೂರ್ತಿ ಖಾಲಿಯಾಗಿತ್ತು. ತಿಂಗಳ ಕೊನೆಯ ಭಾನುವಾರ ಒಂದು ಬಿಟ್ಟರೆ ಉಳಿದ ಭಾನುವಾರಗಳಲ್ಲಿ ಮ್ಯೂಸಿಯಂಗೆ ರಜೆ. ನಮ್ಮ ವಾಪಸ್ ವಿಮಾನ ಇದ್ದದ್ದೂ ಭಾನುವಾರ. ಹೋಗಿ ಕ್ಯೂನಲ್ಲಿ ನಿಂತರಾಯಿತು ಅಂದುಕೊಂಡು ಹೊರಟೆವು.

ಮೆಟ್ರೋ ಎ ಲೈನಿನ ಒಟ್ಟಾವಿಯಾನೊ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದೆವು. ಮೆಟ್ಟಿಲ ಹತ್ತಿರವೇ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಒಬ್ಬ ಯುವಕ 'ನಮಸ್ತೆ' ಅಂದ. ಮ್ಯೂಸಿಯಂ ಕ್ಯೂ ಮೂರು ಗಂಟೆ ಇದೆ, ಆನ್‌ಲೈನ್ ಟಿಕೆಟ್ ಮುಗಿದಿದೆ, ನಮ್ಮ ಹತ್ತಿರ ಮಾತ್ರ ಇದೆ ಅಂದ. ಟಿಕೆಟ್ ಮುಗಿದಿರುವುದು ನನಗೆ ಗೊತ್ತೇ ಇತ್ತು. ಅದೊಂದು ಮಾತು ನಿಜವಾಗಿದ್ದಕ್ಕೆ ಉಳಿದದ್ದನ್ನೂ ನಂಬಿಬಿಟ್ಟೆ. ಅಪ್ಪನ ಮಂಡಿ ನೋವು ಬೇರೆ, ಮೂರು ಗಂಟೆ ನಿಲ್ಲುವುದು ಆಗದ ಮಾತು.

ಒಬ್ಬರಿಗೆ 55 ಯೂರೋ, ಕ್ಯಾಶ್ ಕೊಟ್ಟರೆ 50. 'ಸಿಸ್ಟೀನ್ ಇದೆ ತಾನೇ?' ಅಂತ ಎರಡು ಸಲ ಕೇಳಿದೆ. 'ಹೌದು, ಪೂರ್ತಿ ವ್ಯಾಟಿಕನ್' ಅಂದ. ಪಕ್ಕದ ಓಣಿಯಲ್ಲಿದ್ದ ಒಂದು ಚಿಕ್ಕ ಆಫೀಸಿಗೆ ಕರೆದುಕೊಂಡು ಹೋದರು. 150 ಯೂರೋ ಎಣಿಸಿ ಕೊಟ್ಟೆ. ಒಂದು ಚೀಟಿ ಸಿಕ್ಕಿತು. ಅಂಗಿಗೆ ಅಂಟಿಸಿಕೊಳ್ಳಲು ಹಸಿರು ಸ್ಟಿಕ್ಕರ್ ಸಿಕ್ಕಿತು. ಗೈಡ್ ಬರುತ್ತಾರೆ ಅಂತ ಒಂದೂವರೆ ಗಂಟೆ ಫುಟ್‌ಪಾತಿನಲ್ಲಿ ಕೂರಿಸಿದರು.

ಆಮೇಲೆ ಬಂದ ಹೆಂಗಸು ನಮ್ಮನ್ನೂ ಇನ್ನು ಇಪ್ಪತ್ತು ಜನರನ್ನೂ ನಡೆಸಿಕೊಂಡು ಹೋದದ್ದು ಸೇಂಟ್ ಪೀಟರ್ಸ್ ಚೌಕಕ್ಕೆ. ಅಲ್ಲಿ ಸೆಕ್ಯುರಿಟಿ ಕ್ಯೂನಲ್ಲಿ ಎಲ್ಲರ ಜೊತೆ ನಾವೂ ನಿಂತೆವು. ಆ ತಪಾಸಣೆಯನ್ನು ಯಾವ ಟಿಕೆಟ್ಟೂ ತಪ್ಪಿಸುವುದಿಲ್ಲ ಅಂತ ಆಗ ಗೊತ್ತಾಯಿತು. ಚೌಕದ ಎದುರಿಗಿರುವ ದೊಡ್ಡ ಚರ್ಚು, ಸೇಂಟ್ ಪೀಟರ್ಸ್ ಬಸಿಲಿಕಾ, ಅದರೊಳಗೆ ಅರ್ಧ ಗಂಟೆ ವಿವರಣೆ ಕೊಟ್ಟು ಆಕೆ ಥ್ಯಾಂಕ್ಸ್ ಅಂದರು. ಸಿಸ್ಟೀನ್ ಎಲ್ಲಿ ಅಂದೆ. 'ಅದು ಮ್ಯೂಸಿಯಂ. ನಿಮ್ಮದು ಬಸಿಲಿಕಾ ಟೂರ್' ಅಂದರು. ಚೀಟಿ ತೆಗೆದು ನೋಡಿದರೆ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಗೇ ಬರೆದಿತ್ತು.

ಹೊಟ್ಟೆ ಉರಿಯುವ ಮಾತು ಏನೆಂದರೆ, ಬಸಿಲಿಕಾಗೆ ಪ್ರವೇಶ ಉಚಿತ. ಯಾರು ಬೇಕಾದರೂ ಸುಮ್ನೆ ಹೋಗಿ ನೋಡಬಹುದು, ಭುಜ ಮತ್ತು ಮಂಡಿ ಮುಚ್ಚುವಂಥ ಬಟ್ಟೆ ಹಾಕಿಕೊಂಡಿದ್ದರೆ ಸಾಕು. ಸಿಸ್ಟೀನ್ ಚಾಪೆಲ್‌ಗೆ ದಾರಿ ಇರುವುದು ಮ್ಯೂಸಿಯಂ ಒಳಗಿಂದ. ಮ್ಯೂಸಿಯಂನ ಬಾಗಿಲು ವಿಯಾಲೆ ವ್ಯಾಟಿಕಾನೊ ಅನ್ನುವ ರಸ್ತೆಯಲ್ಲಿದೆ. ಚೌಕದಿಂದ ಕೋಟೆ ಗೋಡೆ ಸುತ್ತಿಕೊಂಡು ಹೋಗಬೇಕು, ಅಪ್ಪನಂಥವರಿಗೆ ಅದು ದೂರವೇ. ನಾವು ಹೋಗಿ ಮುಟ್ಟುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮುಗಿದಿತ್ತು. ವಾಪಸ್ ಆ ಓಣಿಗೆ ಹೋದೆ. ಆಫೀಸಿನ ಷಟರ್ ಎಳೆದಿತ್ತು.

ಅಪ್ಪ ಒಂದು ಮಾತು ಬೈಯಲಿಲ್ಲ. 'ಬಿಡು ಪುಟ್ಟಿ, ಪಿಯೆತಾ ನೋಡಿದೆನಲ್ಲ' ಅಂದರು. ನಿಜ, ಬಸಿಲಿಕಾದ ಬಲಗಡೆ ಗಾಜಿನ ಹಿಂದೆ ಇರುವ, ಸತ್ತ ಯೇಸುವನ್ನು ಮಡಿಲಲ್ಲಿ ಇಟ್ಟುಕೊಂಡ ಮೇರಿಯ ಆ ಶಿಲ್ಪದ ಮುಂದೆ ಅವರು ತುಂಬಾ ಹೊತ್ತು ನಿಂತಿದ್ದರು. ಮೇರಿಯ ಎದೆಯ ಮೇಲೆ ಅಡ್ಡಲಾಗಿ ಹಾದುಹೋಗುವ ಪಟ್ಟಿಯಲ್ಲಿ ಮೈಕೆಲ್ಯಾಂಜೆಲೊ ತನ್ನ ಹೆಸರು ಕೆತ್ತಿದ್ದಾನೆ. ಅವನು ಸಹಿ ಹಾಕಿದ್ದು ಅದೊಂದಕ್ಕೇ ಅಂತ ಅಮ್ಮನಿಗೆ ಬೆರಳು ತೋರಿಸಿ ಹೇಳಿದರು. ಆದರೆ ರಾತ್ರಿ ಹೋಟೆಲಿನಲ್ಲಿ ಅಂಗಿ ಮೇಲಿನ ಹಸಿರು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಕೀಳುತ್ತಾ ಕೂತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಹಣ ಹೋದದ್ದು ದೊಡ್ಡದಲ್ಲ. ಆ ವಯಸ್ಸಿನವರನ್ನು ಅಷ್ಟು ದೂರ ಮತ್ತೆ ಯಾವಾಗ ಕರೆದುಕೊಂಡು ಹೋಗುವುದು?

ಆದ್ದರಿಂದ ದಯವಿಟ್ಟು ವಿಮಾನದ ಟಿಕೆಟ್ ಮಾಡಿಸಿದ ತಕ್ಷಣ ಮ್ಯೂಸಿಯಂ ಕಡೆ ನೋಡಿ. ವ್ಯಾಟಿಕನ್ ಮ್ಯೂಸಿಯಂನದೇ ವೆಬ್‌ಸೈಟಿನ ವಿಳಾಸ 'ಡಾಟ್ ವಿಎ' ಅಂತ ಮುಗಿಯುತ್ತದೆ. ಡಾಟ್ ಕಾಂ ಅಂತ ಮುಗಿದರೆ ಅದು ಮಧ್ಯವರ್ತಿಗಳದ್ದು ಅಂತಲೇ ತಿಳಿಯಿರಿ. ನಾನು ನೋಡಿದಾಗ ಅಲ್ಲಿ ಟಿಕೆಟ್‌ಗೆ 20 ಯೂರೋ, ಮುಂಗಡ ಬುಕಿಂಗ್‌ಗೆ 5 ಯೂರೋ ಜಾಸ್ತಿ. ಕೊಲೋಸಿಯಂ ಟಿಕೆಟ್ ಮೇಲೆ ನಿಮ್ಮ ಹೆಸರೇ ಇರುತ್ತದೆ, ಗೇಟಿನಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ಹಾಗಾಗಿ ಅಲ್ಲೂ ಬೀದಿಯಲ್ಲಿ ಇನ್ನೊಬ್ಬರ ಟಿಕೆಟ್ ಕೊಳ್ಳಬೇಡಿ.

ಒಳ್ಳೆಯ ಗೈಡ್‌ಗಳೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ದುಡ್ಡು ಕೊಡುವ ಮುಂಚೆ 'ವ್ಯಾಟಿಕನ್' ಅನ್ನುವ ಪದ ಕೇಳಿ ಸಮಾಧಾನ ಪಡಬೇಡಿ, ಬಸಿಲಿಕಾ ಇರುವುದೂ ವ್ಯಾಟಿಕನ್‌ನಲ್ಲೇ ಅಲ್ವಾ? ಯಾವ ರಸ್ತೆಯ ಬಾಗಿಲಿನಿಂದ ಒಳಗೆ ಹೋಗುತ್ತೇವೆ ಅಂತ ಕೇಳಿ. ವಿಯಾಲೆ ವ್ಯಾಟಿಕಾನೊ ಅನ್ನದೆ ಚೌಕದ ಕಡೆ ಕೈ ತೋರಿಸಿದರೆ ಅಲ್ಲಿಂದಲೇ ಹೊರಟುಬಿಡಿ.