ಆರ್‌ಎಕ್ಸ್ 100 ಬ್ಲಾಕ್ ಬೋರಿಂಗ್‌ಗೆ ಕೊಡುವವರು ಇದನ್ನು ಓದಿ

ಮಳೆ ನಿಂತ ಮೇಲೆ ಮಡ್ ರೇಸ್‌ಗೆ ಇಳಿಸಬೇಕೆಂದು ಗ್ಯಾರೇಜಿನಲ್ಲಿ ಯಮಹಾದ ಹಳೆಯ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ಬಿಚ್ಚಿಟ್ಟುಕೊಂಡಿರುವ ಮಂಗಳೂರು, ಉಡುಪಿ ಕಡೆಯವರಿಗೆ ಈ ಮಾತು. ಬ್ಲಾಕ್ ಬೋರಿಂಗ್‌ಗೆ (ಅಂದರೆ ಸವೆದ ಸಿಲಿಂಡರಿನ ಒಳಗೋಡೆ ಕೊರೆದು ಅಗಲ ಮಾಡಿಸಲು) ಕೊಡುವಾಗ ಎಷ್ಟು ಸೈಜ್ ಅಂತ ಬಾಯಲ್ಲಿ ಹೇಳಿದರೆ ಸಾಲದು. ಚೀಟಿಯಲ್ಲಿ ಬರೆಸಿ. ಅದಕ್ಕಿಂತ ಮುಂದೆ ಹೋಗಬೇಕಾದರೆ ಫೋನ್ ಮಾಡಿ ಅಂತಲೂ ಬರೆಸಿ. ನಾನು ಇದನ್ನೆಲ್ಲ ಒತ್ತಿ ಒತ್ತಿ ಹೇಳಿಯೇ ಬಂದಿದ್ದೆ, ಲೇತ್ ಅಂಗಡಿಯವರು ಕ್ಯಾರೇ ಮಾಡಲಿಲ್ಲ.

ನನ್ನದು ಸ್ಟ್ಯಾಂಡರ್ಡ್ ಬ್ಲಾಕ್, 50 ಮಿ.ಮೀ. ಬೋರ್ (ಒಳಗಿನ ವ್ಯಾಸ). ನಮ್ಮ ಕೆಂಪು ದೂಳು ಗೊತ್ತಲ್ಲ, ಏರ್ ಫಿಲ್ಟರ್ ಅಂಚು ಚೂರು ಸಡಿಲ ಇದ್ದರೂ ಸಾಕು, ಒಳಗೆ ಹೋಗಿ ಬೋರ್ ಉಜ್ಜಿ ಹಾಕುತ್ತದೆ. ಎಗ್ಸಾಸ್ಟ್ ಪೋರ್ಟ್ (ಹೊಗೆ ಹೊರಗೆ ಹೋಗುವ ಕಿಟಕಿ) ಪಕ್ಕ ಗೀರು ಬಿದ್ದಿತ್ತು. ಮೇಲೆ ರಿಂಗ್ ನಿಲ್ಲುವ ಜಾಗದಲ್ಲಿ ಉಗುರಿಗೆ ಸಿಗುವಂಥ ಮೆಟ್ಟಿಲು. ಅಳೆದಾಗ ಬೋರ್ 0.25 ಮಿ.ಮೀ. ದೊಡ್ಡದು ಮಾಡಿದರೆ (ಇದೇ ಫಸ್ಟ್ ಸೈಜ್) ಎಲ್ಲ ಹೋಗುವಂತಿತ್ತು. ಅದೇ ಸೈಜಿನ ಪಿಸ್ಟನ್ ಕಿಟ್ ಜೊತೆಗೇ ಕೊಟ್ಟಿದ್ದೆ.

0.25ಕ್ಕೇ ಯಾಕೆ ಹಟ ಅಂದರೆ, ನಾನು ಇಳಿಯಬೇಕೆಂದಿದ್ದ ರೇಸಿನ ಕ್ಲಾಸು ‘100 ಸಿಸಿವರೆಗೆ’. ಆರ್‌ಎಕ್ಸ್‌ದು ಬೋರ್ 50, ಸ್ಟ್ರೋಕ್ 50, ಒಟ್ಟು 98 ಸಿಸಿ. 0.25 ಹೋದರೆ 99 ಚಿಲ್ಲರೆ. 0.50 ಹೋದರೆ 100.1! ಅಷ್ಟರಲ್ಲಿ ಏನು ಮಹಾ ಪವರ್ ಬರುತ್ತದೆ ಅಂತ ಕೇಳಬಹುದು. ಏನೂ ಬರುವುದಿಲ್ಲ. ಆದರೆ ರೇಸ್ ಮುಗಿದ ಮೇಲೆ ಹೆಡ್ ಬಿಚ್ಚಿ ಅಳೆದರೆ ನಂಬರ್ ನಂಬರೇ. ಬೋರಿಂಗ್‌ಗೆಂದು ಸ್ವಲ್ಪ ರಿಯಾಯಿತಿ ಕೊಡುವ ಆಯೋಜಕರೂ ಇದ್ದಾರೆ. ನಾನು ಹೆಸರು ಕೊಟ್ಟ ರೇಸಿನ ರೂಲ್ಸಿನಲ್ಲಿ ಅದು ಇರಲಿಲ್ಲ.

ಬ್ಲಾಕ್ ತರಲು ಹೋದರೆ ಕಿಟ್ಟಿನ ಡಬ್ಬಿ ತೆರೆದೇ ಇಲ್ಲ. ಬೋರ್ 50.50 ಆಗಿ ಕೂತಿದೆ.

“ಗೀರು ಹೋಗ್ಲಿಲ್ಲ ಮಾರಾಯ್ರೆ, ಇನ್ನೊಂದು ಸೈಜ್ ಹೊಡೆದೆ. ಎಂತ ಆಗುದಿಲ್ಲ, ಪಿಕಪ್ ಜಾಸ್ತಿಯೇ ಬರ್ತದೆ.”

ಪಿಸ್ಟನ್ ಕೈಯಲ್ಲಿ ಹಿಡಿದು, ಸ್ಕರ್ಟ್ (ಅದರ ಕೆಳಭಾಗ) ಅಳೆದು, ಅದಕ್ಕೆ ಬೇಕಾದ ಕೂದಲೆಳೆಯಷ್ಟು ಜಾಗ ಬಿಟ್ಟು ಬೋರ್ ಮಾಡಬೇಕು. ಡಬ್ಬಿಯನ್ನೇ ತೆರೆಯದವರು ಎಂತ ಅಳೆದಿರಬಹುದು? ಸಾಲದ್ದಕ್ಕೆ ಎಣ್ಣೆ ಹಚ್ಚದೆ ಹಾಗೇ ಇಟ್ಟಿದ್ದರು. ಜುಲೈ ತಿಂಗಳು, ನಮ್ಮ ಕಡಲ ಹವೆ. ಹೊಸ ಹೋನಿಂಗ್ (ಬೋರಿಂಗ್ ಆದ ಮೇಲೆ ಕಲ್ಲಿನಲ್ಲಿ ಉಜ್ಜುವುದು) ಗೆರೆಗಳ ಮೇಲೆ ಆಗಲೇ ತುಕ್ಕಿನ ಕಂದು ಬಣ್ಣ ಕೂತಿತ್ತು.

ಜಗಳ ಆಯಿತು. ಸ್ಲೀವ್ (ಬೋರಿನೊಳಗೆ ಕೂರಿಸುವ ಕಬ್ಬಿಣದ ಕೊಳವೆ) ಹಾಕಿ ಪುನಃ ಸ್ಟ್ಯಾಂಡರ್ಡ್ ಮಾಡಿಕೊಡುತ್ತೇನೆ ಅಂದರು. ಸರಿಯಾಗಿ ಮಾಡಿದರೆ ಅದು ಒಳ್ಳೆಯ ದಾರಿಯೇ, ಸಿಸಿ ಮೊದಲಿನಷ್ಟೇ ಆಗುತ್ತದೆ. ಬ್ಲಾಕ್ ಬಿಸಿ ಮಾಡಿ ಸ್ಲೀವ್ ಇಳಿಸುತ್ತಾರೆ, ತಣ್ಣಗಾದಾಗ ಅದು ಬಿಗಿಯಾಗಿ ಕೂರುತ್ತದೆ. ಆಮೇಲೆ ಫೈನಲ್ ಬೋರಿಂಗ್, ಹೋನಿಂಗ್. ಆದರೆ ಟೂ ಸ್ಟ್ರೋಕಿನಲ್ಲಿ ಗೋಡೆ ತುಂಬ ಕಿಟಕಿ. ಸ್ಲೀವಿನ ಒಂದೊಂದು ಪೋರ್ಟೂ ಬ್ಲಾಕಿನ ಪೋರ್ಟಿಗೆ ಸರಿಯಾಗಿ ಕೂರಬೇಕು. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಬೇಕು. ಇಲ್ಲದಿದ್ದರೆ ರಿಂಗ್ ಪ್ರತಿ ಸಲ ಆ ಅಂಚಿಗೆ ಬಡಿಯುತ್ತದೆ.

ಒಪ್ಪಿ ಅವರ ಹತ್ತಿರವೇ ಸ್ಲೀವ್ ಹಾಕಿಸಿದೆ, ನನಗೆ ಆದದ್ದೂ ಅದೇ. ಪ್ರಾಕ್ಟೀಸಿನಲ್ಲಿ ಟಪ್ ಅಂತ ಸದ್ದು, ಹಿಂದಿನ ಚಕ್ರ ಲಾಕ್, ಗಾಡಿ ಅಡ್ಡ. ಪುಣ್ಯಕ್ಕೆ ಕೈಕಾಲಿಗೆ ಏನೂ ಆಗಲಿಲ್ಲ. ಬಿಚ್ಚಿದರೆ ರಿಂಗಿನ ಚೂರು ಎಗ್ಸಾಸ್ಟ್ ಪೋರ್ಟಿನಲ್ಲಿ ಸಿಕ್ಕಿಕೊಂಡಿತ್ತು, ಪಿಸ್ಟನ್ನಿನ ಬದಿ ಕಿತ್ತು ಬಂದಿತ್ತು. ಪೋರ್ಟಿನ ಅಂಚು ಬ್ಲೇಡಿನಷ್ಟು ಹರಿತ. ಕಿಟಕಿಯನ್ನೂ ಮೇಲಕ್ಕೆ ಜಾಸ್ತಿ ಕೊರೆದಿದ್ದರು. ಹಾಗೆ ಕೊರೆದರೆ ಎಗ್ಸಾಸ್ಟ್ ಬೇಗ ತೆರೆಯುತ್ತದೆ. ಸ್ಟಾಕ್ ಕ್ಲಾಸಿನಲ್ಲಿ (ಎಂಜಿನ್ ಮಾರ್ಪಡಿಸದೆ ಓಡಿಸುವುದು) ಅದನ್ನೂ ಪೋರ್ಟಿಂಗ್, ಅಂದರೆ ಪವರಿಗಾಗಿ ಪೋರ್ಟ್ ಕೊರೆದದ್ದು ಅಂತಲೇ ಹಿಡಿಯುತ್ತಾರೆ.

ಹಾಗಾಗಿ ಬ್ಲಾಕ್ ಕೈಗೆ ಬಂದ ಕೂಡಲೇ ದುಡ್ಡು ಕೊಡಬೇಡಿ. ಮೊದಲು ಬೆರಳು ಒಳಗೆ ಹಾಕಿ ಎಲ್ಲ ಪೋರ್ಟಿನ ಅಂಚು ಸವರಿ, ಚರ್ಮಕ್ಕೆ ಹರಿತವಾಗಿ ತಾಗಿದರೆ ವಾಪಸ್ ಕೊಡಿ. ಪಿಸ್ಟನ್ ಇಲ್ಲದೆ ಬರೀ ರಿಂಗನ್ನು ಬೋರಿಗೆ ಇಳಿಸಿ, ಫೀಲರ್ ಗೇಜಿನಲ್ಲಿ ಅದರ ಎರಡು ತುದಿಗಳ ನಡುವಿನ ಗ್ಯಾಪ್ ನೋಡಿ. ಬೋರ್ ಗೇಜ್ ಇಲ್ಲದೆ ಬರೀ ವರ್ನಿಯರ್ ಹಿಡಿದು ಬೋರಿಂಗ್ ಮಾಡುವ ಅಂಗಡಿಗೆ ಹೋಗಲೇಬೇಡಿ. ಯಮಹಾದ್ದೇ ಆರ್15 ಬೈಕ್ ಇಟ್ಟುಕೊಂಡವರಿಗೆ ಈ ಕಥೆಯೇ ಬೇರೆ, ಆ ಬ್ಲಾಕಿನಲ್ಲಿ ಕಬ್ಬಿಣದ ಸ್ಲೀವೇ ಇಲ್ಲ. ಅದಕ್ಕೂ ಬೋರಿಂಗ್ ಹೊಡೆಯುತ್ತೇನೆ ಅನ್ನುವವರಿಂದ ದೂರ ಇರಿ.

ಅಂಗಡಿಯವರು ದುಡ್ಡು ವಾಪಸ್ ಕೊಟ್ಟಿಲ್ಲ, ಗಾಡಿ ಓಡಿಸಿದ ರೀತಿ ಸರಿಯಿಲ್ಲ ಅಂತ ನನಗೇ ಹೇಳುತ್ತಿದ್ದಾರೆ. ಯಾರ ಹತ್ತಿರವಾದರೂ ಸ್ಟ್ಯಾಂಡರ್ಡ್ ಅಥವಾ ಫಸ್ಟ್ ಸೈಜಿನ ಒರಿಜಿನಲ್ ಬ್ಲಾಕ್ ಉಂಟಾದರೆ ತಿಳಿಸಿ. ಬೋರ್ ಗೇಜ್ ಹಿಡಿದುಕೊಂಡೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.