ಮೀಟರ್ 100% ತೋರಿಸ್ತಿದೆ ಅಂತ ನಂಬಬೇಡಿ, ಒಳಗಿರೋದು ಹಳೇ ಆಯಿಲೇ ಇರಬಹುದು

ಸರ್ವಿಸ್ ಆದ ಮೇಲೆ ಡಿಸ್‌ಪ್ಲೇನಲ್ಲಿ ಆಯಿಲ್ ಲೈಫ್ (ಇಂಜಿನ್ ಆಯಿಲ್ ಇನ್ನೆಷ್ಟು ಬಾಳುತ್ತೆ ಅನ್ನೋ ಮೀಟರ್) 100% ಅಂತ ಬಂತು ಅಂದ್ರೆ ಆಯಿಲ್ ಬದಲಾಗಿದೆ ಅಂತ ಅಲ್ಲ. ಯಾರೋ ರೀಸೆಟ್ ಮಾಡಿದ್ದಾರೆ, ಅಷ್ಟೇ. ಇದು ಗೊತ್ತಿದ್ದೂ ಟೋಪಿ ಹಾಕಿಸಿಕೊಂಡಿದ್ದಕ್ಕೆ ಇದನ್ನು ಬರೀತಿದ್ದೀನಿ. ಗೊತ್ತಿದ್ದೂ! ಹೊಟ್ಟೆ ಉರೀತಿರೋದು ಅದಕ್ಕೇ.

ಬೆಂಗಳೂರು, ಅಧಿಕೃತ ಸರ್ವಿಸ್ ಸೆಂಟರ್, ಹೆಸರು ಬೇಡ. ಗಾಡಿ ಒಂದು ಲೀಟರಿನ ಟರ್ಬೊ ಪೆಟ್ರೋಲ್. ಬೆಳಿಗ್ಗೆ ಒಳಗೆ ಹೋದಾಗ ಮೀಟರ್ 9%, ಸಂಜೆ ಹೊರಗೆ ಬಂದಾಗ 100%. ಬಿಲ್ಲಿನಲ್ಲಿ ಸಿಂಥೆಟಿಕ್ ಆಯಿಲ್ 3.6 ಲೀಟರ್, ಆಯಿಲ್ ಫಿಲ್ಟರ್ ಒಂದು, ಡ್ರೇನ್ ಪ್ಲಗ್ (ಹಳೇ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ವಾಷರ್ ಒಂದು, ಲೇಬರ್, ಮೇಲೆ ಜಿಎಸ್‌ಟಿ. ಟೈರಿಗೆ ಪಾಲಿಶ್ ಹಚ್ಚಿ ಮದುಮಗನ ಥರ ನಿಲ್ಲಿಸಿದ್ದರು. ಆ 100% ನೋಡಿ ಖುಷಿಯಾಗಿ ಕಾರ್ಡ್ ಉಜ್ಜಿದ್ದೂ ಆಯಿತು.

ಮೂರನೇ ದಿನ ಆಯಿಲ್ ಮಟ್ಟ ನೋಡೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್, ಎಳೆದರೆ ಡಾಂಬರು. ಟಿಶ್ಯೂ ಮೇಲೆ ಒರೆಸಿದರೆ ಕರೀ ಗೆರೆ, ಪಕ್ಕದಲ್ಲಿ ತೆಳ್ಳಗೆ ಹರಡಿದ ಕಂದು ವೃತ್ತ, ಮೂಸಿದರೆ ಪೆಟ್ರೋಲ್ ವಾಸನೆ. ಮಟ್ಟ ಮಿನ್ ಗುರುತಿಗೆ ಅಂಟಿಕೊಂಡಿತ್ತು. ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿಸಿ ನೋಡಿದರೆ ಫಿಲ್ಟರಿನ ಮೈಮೇಲೆ ಹೋದ ಮಳೆಗಾಲದ ಕೆಸರು ಒಣಗಿ ಹಕ್ಕಳೆಗಟ್ಟಿದೆ. ಡ್ರೇನ್ ಪ್ಲಗ್ಗಿನ ತಲೆ ಮೇಲೂ ಅದೇ ಕೆಸರು. ಸ್ಪ್ಯಾನರ್ ತಾಗಿದ ಒಂದು ಗೀರೂ ಇಲ್ಲ. ಮೂರು ದಿನದ ಹಿಂದೆ ಬಿಚ್ಚಿದ ಬೋಲ್ಟಿನ ಮೇಲೆ ಎಂಟು ತಿಂಗಳ ಕೆಸರು ಹೇಗಪ್ಪಾ ಬಂತು?

ಈಗ ಸರ್ವಿಸ್ ಅಡ್ವೈಸರ್ ಉತ್ತರಗಳು, ಬಂದ ಕ್ರಮದಲ್ಲೇ.

ಮೊದಲನೆಯದು: "ಸರ್, ಡಿಸ್‌ಪ್ಲೇನಲ್ಲಿ 100% ಇದೆಯಲ್ಲ ಸರ್? ಆಯಿಲ್ ಚೇಂಜ್ ಆಗದೆ ಅದು ಹೇಗೆ ಬರುತ್ತೆ?" ಮುಖ ನೋಡಿಕೊಂಡೇ ಹೇಳಿದ ಮಾತು ಇದು. ಹೇಗೆ ಬರುತ್ತೆ ಅಂದ್ರೆ, ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಮೆನುವಿನಲ್ಲಿ ಆಯಿಲ್ ಲೈಫ್ ಪುಟಕ್ಕೆ ಹೋಗಿ, ಓಕೆ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಬರುತ್ತೆ. ಜನರಲ್ ಮೋಟರ್ಸ್‌ನ ಹಲವು ಗಾಡಿಗಳಲ್ಲಿ ಇಗ್ನಿಷನ್ ಆನ್ ಇಟ್ಟು 5 ಸೆಕೆಂಡಿನೊಳಗೆ ಆಕ್ಸಿಲರೇಟರನ್ನು ಪೂರ್ತಿ ಮೂರು ಸಲ ಒತ್ತಿಬಿಟ್ಟರೂ ಸಾಕು. ಬಾನೆಟ್ ಎತ್ತುವ ಅಗತ್ಯವೇ ಇಲ್ಲ.

ಎರಡನೆಯದು: "ಹೊಸ ಆಯಿಲ್ ಬೇಗ ಕಪ್ಪಾಗುತ್ತೆ ಸರ್, ನಾರ್ಮಲ್." ಇದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯ. ಡೀಸೆಲ್ ಗಾಡಿಯಲ್ಲಿ ಮಸಿ ಆಯಿಲ್‌ಗೆ ಸೇರುವುದರಿಂದ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದರೇ ಕಪ್ಪಾಗುತ್ತೆ, ಹೌದು. ಪೆಟ್ರೋಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಮೂರನೇ ದಿನಕ್ಕೆ ಜೇನುಬಣ್ಣ ಇರಬೇಕು, ಹೆಚ್ಚೆಂದರೆ ತೆಳು ಟೀ ಡಿಕಾಕ್ಷನ್. ಡಾಂಬರ್ ಅಲ್ಲ.

ಮೂರನೆಯದು: "ಡ್ರೇನ್ ಮಾಡಿದ್ರೂ ಒಳಗೆ ಸ್ವಲ್ಪ ಹಳೇದು ಉಳಿದಿರುತ್ತೆ." ಉಳಿಯುತ್ತೆ, ಒಪ್ಪೋಣ, ಸಂದುಗೊಂದಿನಲ್ಲಿ ಒಂದು ಲೋಟದಷ್ಟು. 3.6 ಲೀಟರ್ ಹೊಸದರಲ್ಲಿ ಅದು ಬೆರೆತರೆ ಬಣ್ಣ ಕೊಂಚ ಮಂಕಾಗಬಹುದು. ಮಟ್ಟ ಮಿನ್‌ಗೆ ಇಳಿಯೋದು ಹೇಗೆ? ಇದಕ್ಕೆ ಉತ್ತರ ಇಲ್ಲ.

ನಾಲ್ಕನೆಯದು: "ಫಿಲ್ಟರ್ ಸಿಸ್ಟಮ್‌ನಲ್ಲಿ ಇಶ್ಯೂ ಆಗಿದೆ ಸರ್." ಅಂದ್ರೆ ಸ್ಟೋರಿನಿಂದ ಹೊರಗೆ ಹೋಗಿದೆ ಅಂತ ಕಂಪ್ಯೂಟರ್ ಹೇಳ್ತಿದೆ. ಗಾಡಿಗೆ ಸೇರಿದೆಯಾ ಅನ್ನೋದು ಬೇರೆ ಪ್ರಶ್ನೆ. ಹಳೇ ಫಿಲ್ಟರ್ ತೋರಿಸಿ ಅಂದರೆ, "ಸ್ಕ್ರ್ಯಾಪ್‌ಗೆ ಹೋಯ್ತು ಸರ್."

ಕೊನೇದು: "ಫ್ರೀಯಾಗಿ ಇನ್ನೊಂದ್ಸಲ ಮಾಡ್ಕೊಡ್ತೀವಿ ಸರ್, ಫೀಡ್‌ಬ್ಯಾಕ್ ಕಾಲ್ ಬಂದ್ರೆ ಹತ್ತಕ್ಕೆ ಹತ್ತು ಕೊಟ್ಬಿಡಿ." ಇನ್ನೊಂದ್ಸಲ ಅಂತೆ! ಮೊದಲನೇ ಸಲ ಯಾವುದು?

ಮೀಟರ್ ಏನು ಮಾಡುತ್ತೆ ಅಂತ ಸರಿಯಾಗಿ ತಿಳಿದುಕೊಳ್ಳಿ, ಯಾಕಂದ್ರೆ ಇವರ ಆಟ ಎಲ್ಲ ನಿಂತಿರೋದು ಅದರ ಮೇಲೆ. ಬಹುಪಾಲು ಕಾರುಗಳಲ್ಲಿ ಆಯಿಲ್ ಕೆಟ್ಟಿದೆಯಾ ಅಂತ ಮುಟ್ಟಿ ನೋಡುವ ಸೆನ್ಸರ್ ಇಲ್ಲವೇ ಇಲ್ಲ. ಜನರಲ್ ಮೋಟರ್ಸ್ 1980ರ ದಶಕದ ಕೊನೆಯಲ್ಲಿ ಇದನ್ನು ತಂದಾಗಿನಿಂದಲೂ ಇದು ಲೆಕ್ಕವೇ. ಕೊನೇ ರೀಸೆಟ್ ಆದ ಮೇಲೆ ಇಂಜಿನ್ ಎಷ್ಟು ಸುತ್ತು ತಿರುಗಿತು, ಆಗ ಆಯಿಲ್ ಎಷ್ಟು ಬಿಸಿ ಇತ್ತು, ಇವನ್ನು ಇಂಜಿನ್ ಕಂಪ್ಯೂಟರ್ ಎಣಿಸಿಕೊಂಡು 100ರಿಂದ ಕಳೆಯುತ್ತಾ ಹೋಗುತ್ತೆ. ಹದವಾದ ಬಿಸಿಯಲ್ಲಿ ತಿರುಗಿದ ಸುತ್ತಿಗೆ ಕಡಿಮೆ ಕಡಿತ. ತಣ್ಣಗಿದ್ದಾಗ ತಿರುಗಿದರೆ ಹೆಚ್ಚು ಕಡಿತ, ಯಾಕಂದ್ರೆ ನೀರಿನ ಪಸೆ, ಪೆಟ್ರೋಲ್ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತೆ. ವಿಪರೀತ ಕಾದರೂ ಹೆಚ್ಚು ಕಡಿತ, ಆಗ ಆಯಿಲ್ ಆಕ್ಸಿಡೈಸ್ ಆಗಿ ದಪ್ಪವಾಗುತ್ತೆ.

ಅದಕ್ಕೆ ಗೊತ್ತಿಲ್ಲದ್ದು ಬಹಳ. ಮಿನರಲ್ ಹಾಕಿದ್ದಾರಾ ಸಿಂಥೆಟಿಕ್ಕಾ ಗೊತ್ತಿಲ್ಲ. 0ಡಬ್ಲ್ಯೂ-20 ಅನ್ನೋ ತೆಳು ಗ್ರೇಡ್ ಕೇಳುವ ಇಂಜಿನ್ನಿಗೆ ಬ್ಯಾರೆಲ್‌ನಿಂದ ಬೇರೆ ಗ್ರೇಡ್ ಸುರಿದರೂ ಗೊತ್ತಿಲ್ಲ. ಏರ್ ಫಿಲ್ಟರ್ ಸಂದಿಯಿಂದ ಧೂಳು ನುಗ್ಗುತ್ತಿದ್ದರೆ, ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಸೋರಿ ಒಳಗೆ ಬೆರೆತರೆ ಗೊತ್ತಿಲ್ಲ. ಆಯಿಲ್ ಮಟ್ಟವೂ ಈ ಲೆಕ್ಕದಲ್ಲಿ ಇಲ್ಲ, 90% ತೋರಿಸುತ್ತಲೇ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಅರ್ಧ ಖಾಲಿ ಇರಬಹುದು. ಇನ್ನು ಆ ಕೆಂಪು ಆಯಿಲ್ ಕ್ಯಾನ್ ದೀಪವೇ ಬೇರೆ, ಅದು ಪ್ರೆಷರ್ ದೀಪ. ಅದು ಹೊತ್ತಿದರೆ ಸರ್ವಿಸ್‌ಗೆ ಬುಕ್ ಮಾಡೋದಲ್ಲ, ಗಾಡಿ ಪಕ್ಕಕ್ಕೆ ಹಾಕಿ ಅಲ್ಲೇ ಆಫ್ ಮಾಡೋದು.

ಇಲ್ಲಿ ಮಾರುವ ಎಷ್ಟೋ ಗಾಡಿಗಳಲ್ಲಿ ಈ ಲೆಕ್ಕವೂ ಇಲ್ಲ. ಸ್ಪ್ಯಾನರ್ ಚಿಹ್ನೆ ಬಂದು 'ಇನ್ನು 1,500 ಕಿ.ಮೀ.' ಅನ್ನುತ್ತೆ ನೋಡಿ, ಅದು 10,000 ಕಿ.ಮೀ. ಇಲ್ಲವೇ ಒಂದು ವರ್ಷದಿಂದ ಹಿಂದಕ್ಕೆ ಎಣಿಸುವ ಬರೀ ಕೌಂಟರ್. ಸಿಲ್ಕ್ ಬೋರ್ಡ್ ಜಾಮ್ ಅದಕ್ಕೆ ಕಾಣಿಸಲ್ಲ. ಲೆಕ್ಕ ಹಾಕಿ: ಊರೊಳಗೆ ಗಂಟೆಗೆ 15 ಕಿ.ಮೀ. ಸರಾಸರಿಯಲ್ಲಿ 10,000 ಕಿ.ಮೀ. ಆಗಲು ಇಂಜಿನ್ 667 ಗಂಟೆ ಓಡಬೇಕು. ಹೈವೇಯಲ್ಲಿ 80ರ ಸರಾಸರಿಗೆ ಅದೇ 10,000 ಕಿ.ಮೀ. 125 ಗಂಟೆ. ನಿಂತಲ್ಲೇ 750 ಆರ್‌ಪಿಎಂನಲ್ಲಿ ಗುರುಗುಟ್ಟಿದರೂ ಗಂಟೆಗೆ 45,000 ಸುತ್ತು. ಓಡೋಮೀಟರ್ ಒಂದು ಕಿ.ಮೀ. ಕೂಡ ಮುಂದೆ ಹೋಗಿರಲ್ಲ.

ನಾಲ್ಕು ಕಿ.ಮೀ. ಸ್ಕೂಲ್ ಡ್ರಾಪ್, ವಾಪಸ್, ಆಫ್ ಮಾಡೋ ಓಡಾಟ ಇನ್ನೂ ಕೆಟ್ಟದ್ದು. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿರುತ್ತೆ, ಆದ್ರೆ ಅದು ಕೂಲೆಂಟಿನದ್ದು. ಆಯಿಲ್ ಕಾಯೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆಯಿಲ್ ಹಾಕೋ ಬಾಯಿಯ ಮುಚ್ಚಳ (ಫಿಲ್ಲರ್ ಕ್ಯಾಪ್) ತಿರುಗಿಸಿ ಒಳಮೈ ನೋಡಿ, ಬೆಣ್ಣೆಯಂಥ ಬಿಳಿ ಲೋಳೆ ಕಂಡರೆ ಅದು ಆವಿಯಾಗದ ನೀರು. ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯೋ ಇಂಜಿನ್ನಿನ ಸೀಲ್) ಕಡೆ ಅನುಮಾನ ಪಡಿ.

ಬಿಎಸ್6 ಡೀಸೆಲ್ ಇರೋರು ಇದನ್ನು ಎರಡು ಸಲ ಓದಿ. ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯೋ ಫಿಲ್ಟರಿನಲ್ಲಿ) ತುಂಬಿದ ಮಸಿ ಸುಡಲು ಎಷ್ಟೋ ಇಂಜಿನ್ನುಗಳು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಈ ಸುಡೋ ಕೆಲಸದ ನಡುವೆ ಗಾಡಿ ಆಫ್ ಮಾಡುತ್ತಾ ಹೋದರೆ ಆ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಸಂಪಿಗೆ ಇಳಿಯುತ್ತೆ. ಆಗ ಆಯಿಲ್ ಮಟ್ಟ ಇಳಿಯೋದಿಲ್ಲ, ಏರುತ್ತೆ. ಮ್ಯಾಕ್ಸ್ ದಾಟಿದ್ದರೆ "ಜಾಸ್ತಿ ಹಾಕಿದ್ದಾರೆ, ಒಳ್ಳೇದೇ" ಅಂದುಕೊಳ್ಳಬೇಡಿ, ಮೀಟರ್ ಏನೇ ಹೇಳಲಿ ಬದಲಾಯಿಸಿ. ಹಾಕೋದು ಮ್ಯಾನ್ಯುಯಲ್ ಹೇಳಿದ ಕಡಿಮೆ ಬೂದಿಯ ಆಯಿಲೇ ಆಗಬೇಕು, ಇಲ್ಲದಿದ್ದರೆ ಡಿಪಿಎಫ್ ಕಟ್ಟಿಕೊಳ್ಳುತ್ತೆ.

ಯಾವಾಗ ಬದಲಾಯಿಸೋದು? ಶೇಕಡಾವಾರು ಮೀಟರ್ ಇದ್ದರೆ 15% ಬಂದಾಗ ಬುಕ್ ಮಾಡಿ (ಹೋಂಡಾ ಮೊದಲ ಸೂಚನೆ ಕೊಡೋದೂ 15ಕ್ಕೇ, 5ಕ್ಕೆ ಈಗಲೇ ಮಾಡಿಸಿ ಅನ್ನುತ್ತೆ). ಮೀಟರ್ 60% ಇದ್ದರೂ ವರ್ಷ ತುಂಬಿತು ಅಂದ್ರೆ ಬದಲಾಯಿಸಿ. ಬರೀ ಕಿ.ಮೀ. ಕೌಂಟರ್ ಇದ್ದು ಊರೊಳಗಿನ ಓಡಾಟವೇ ಹೆಚ್ಚಿದ್ದರೆ, ಟರ್ಬೊ ಬೇರೆ ಇದ್ದರೆ, 10,000ಕ್ಕೆ ಕಾಯಬೇಡಿ, 5,000ದಿಂದ 7,500ರೊಳಗೆ ಮುಗಿಸಿ. ಮ್ಯಾನ್ಯುಯಲ್‌ನ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆಯ ಪಟ್ಟಿ ಬೇರೆ ಇರುತ್ತೆ, ಬೆಂಗಳೂರು ಅದರೊಳಗೇ ಬರುತ್ತೆ.

ಗಾಡಿ ಕೊಡುವ ಮುಂಚೆ ಫಿಲ್ಟರಿಗೂ ಡ್ರೇನ್ ಪ್ಲಗ್ಗಿಗೂ ನೇಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ ಇಡಿ, ಅರ್ಧ ಅದರ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ಅದನ್ನು ಮುರಿಯದೆ ಬಿಚ್ಚೋಕಾಗಲ್ಲ. ಮೀಟರ್, ಓಡೋಮೀಟರ್, ಡಿಪ್‌ಸ್ಟಿಕ್ ಫೋಟೊ ತೆಗೆದಿಡಿ. ಹಳೇ ಫಿಲ್ಟರ್ ಡಿಕ್ಕಿಯಲ್ಲಿ ಹಾಕಿಕೊಡಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ, ಬಾಯಿಮಾತು ಬೇಡ. ಬಿಲ್ ಕಟ್ಟುವ ಮುಂಚೆ ಸಮತಟ್ಟು ನೆಲದಲ್ಲಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೀವೇ ಡಿಪ್‌ಸ್ಟಿಕ್ ಎಳೀರಿ. ಫಿಲ್ಟರ್ ಸಮೇತ ಎಷ್ಟು ಲೀಟರ್ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಬಿಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಉಳಿದ ಕ್ಯಾನ್ ಕೇಳಿ. ಮತ್ತೆ, "ಇಂಜಿನ್ ಫ್ಲಶ್ ಹಾಕ್ಲಾ ಸರ್?" (ಇಂಜಿನ್ ಒಳಗೆ ತೊಳೆಯೋ ದ್ರವ) ಅಂದ್ರೆ ಬೇಡ ಅನ್ನಿ. ಮೊದಲು ಆಯಿಲ್ ಬದಲಾಯಿಸಲಿ, ಫ್ಲಶ್ ಆಮೇಲೆ ನೋಡೋಣ.

ಕೊನೆಗೆ ಹೊರಗಿನ ಗ್ಯಾರೇಜಿನಲ್ಲಿ ಅಳತೆ ಮಗ್ ಇಟ್ಟು ಇಳಿಸಿದ್ದಾಯಿತು. 2.7 ಲೀಟರ್ ಬಂತು. ವಾಷರ್ ಚಪ್ಪಟೆಯಾಗಿ ಪ್ಲಗ್ಗಿಗೆ ಕಚ್ಚಿಕೊಂಡಿತ್ತು, ಚಾಕುವಿನ ತುದಿಯಿಂದ ಎಬ್ಬಿಸಬೇಕಾಯಿತು. ಅದರ ವಿಡಿಯೊ ಕಳಿಸಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಹಣ ವಾಪಸ್ ಬಂತು, 'ಗುಡ್‌ವಿಲ್' ಅನ್ನೋ ಹೆಸರಲ್ಲಿ. ತಪ್ಪಾಯ್ತು ಅಂತ ಒಂದು ಮಾತಿಲ್ಲ. ಅವರ ಕಂಪ್ಯೂಟರಿನ ಸರ್ವಿಸ್ ಹಿಸ್ಟರಿಯಲ್ಲಿ ಇವತ್ತಿಗೂ ಆ ದಿನ ಆಯಿಲ್, ಫಿಲ್ಟರ್ ಬದಲಾಯಿಸಲಾಗಿದೆ ಅಂತಲೇ ಇದೆ. ಅದನ್ನು ಅಳಿಸಿ ಅಂದರೆ, "ಕ್ಲೋಸ್ ಆದ ಜಾಬ್ ಕಾರ್ಡ್ ಎಡಿಟ್ ಆಗಲ್ಲ ಸರ್."